ಅಧ್ಯಕ್ಷರ ವಿನಯ

ನನ್ನಲ್ಲಿ ವಿನಯ ತುಸು ಜಾಸ್ತಿಯೇ ಉಂಟು. ಇದನ್ನು ನಾನೇ ಹೇಳಿಕೊಳ್ಳಬೇಕಾಗಿ ಬಂದದ್ದು ಇಷ್ಟು ವರ್ಷಗಳಲ್ಲಿ ಬೇರೆ ಯಾರೂ ಹೇಳದ ಕಾರಣ. ಕಾಲೇಜಿನಲ್ಲಿ ಮೂವತ್ತು ವರ್ಷ ಇತಿಹಾಸ ಪಾಠ ಮಾಡಿ ನಿವೃತ್ತನಾದವನಿಗೆ, ಎದುರಿಗೆ ಕೂತವರು ಗಂಟೆ ಹೊಡೆಯುವ ತನಕ ಎದ್ದು ಹೋಗಲಾರರು ಎಂಬ ನಂಬಿಕೆ ರಕ್ತದಲ್ಲೇ ಸೇರಿಹೋಗಿರುತ್ತದೆ. ಇಂಥವರನ್ನೇ ಹುಡುಕಿ ಟ್ರಸ್ಟುಗಳು ಅಧ್ಯಕ್ಷರನ್ನಾಗಿ ಮಾಡುತ್ತವೆ. ನಾನು ಅಧ್ಯಕ್ಷನಾಗಿರುವ ಟ್ರಸ್ಟು ಬೋಳಾರದ ಒಂದು ಹಳೆಯ ಹಂಚಿನ ಮನೆಯಲ್ಲಿ ಹೆಂಗಸರಿಗೆ ಉಚಿತ ಹೊಲಿಗೆ ತರಗತಿ ನಡೆಸುತ್ತದೆ.

ಹೋದ ವರ್ಷ ಟ್ರಸ್ಟುಗಳ ಪದಾಧಿಕಾರಿಗಳಿಗೆಂದು ಹೋಟೆಲೊಂದರಲ್ಲಿ ಒಂದು ದಿನದ ಕಮ್ಮಟ ನಡೆಯಿತು. ಬೆಂಗಳೂರಿನಿಂದ ಬಂದಿದ್ದ ಮೇಡಂ ಒಬ್ಬರು ‘ಸಾಂಸ್ಕೃತಿಕ ವಿನಯ’ ಎಂಬುದನ್ನು ಕಲಿಸಿದರು. ಇನ್ನೊಬ್ಬರ ಬದುಕು ನಮಗೆ ಗೊತ್ತುಂಟು ಎಂದುಕೊಳ್ಳದೆ ಅವರನ್ನೇ ಕೇಳಿ ತಿಳಿಯುವುದು, ಅಷ್ಟೆ. ಆ ಸಭಾಂಗಣದಲ್ಲಿ ನನ್ನಷ್ಟು ಬೇಗ ಅದನ್ನು ಕಲಿತವರು ಇನ್ನೊಬ್ಬರಿಲ್ಲ. ಮಧ್ಯಾಹ್ನದ ಊಟಕ್ಕೆ ಮೊದಲೇ ನಾನು ಅದನ್ನು ಆ ಮೇಡಂಗೆ ವಿವರಿಸಲು ಆರಂಭಿಸಿದ್ದೆ.

ಕಲಿತದ್ದನ್ನು ಪ್ರಯೋಗಿಸಲು ಅವಕಾಶವೂ ಕೂಡಿಬಂತು. ಕಂಕನಾಡಿಯಲ್ಲಿ ಬಟ್ಟೆ ಅಂಗಡಿ ನಡೆಸುವ ಝುಬೈದಾ ನಮ್ಮ ಸಮಿತಿಗೆ ಹೊಸ ಸದಸ್ಯೆಯಾಗಿ ಬಂದರು. ಬ್ಯಾರಿ ಮುಸ್ಲಿಂ ಸಮುದಾಯದ ಹೆಂಗಸು, ಅವರಿಗೆ ಮುಜುಗರವಾಗಬಾರದು ಎಂದು ನಾನು ಮೊದಲ ಸಭೆಗೆ ಯಾವಾಗಲೂ ತರಿಸುವ ಬಿಸಿ ಗೋಳಿಬಜೆಯನ್ನು ರದ್ದು ಮಾಡಿಸಿ ಖರ್ಜೂರವನ್ನೂ ಶರಬತ್ತನ್ನೂ ತರಿಸಿದೆ. ಕಾರ್ಯದರ್ಶಿ ವಾಮನಣ್ಣ ಖರ್ಜೂರದ ಬೀಜವನ್ನು ಬಾಯಲ್ಲಿ ಆಚೆ ಈಚೆ ಹೊರಳಿಸುತ್ತ ನನ್ನನ್ನೇ ದುರುಗುಟ್ಟಿ ನೋಡುತ್ತಿದ್ದರು. ಝುಬೈದಾ ತಟ್ಟೆಯ ಕಡೆ ನೋಡಿ, “ಎಂತ ಸರ್, ಗೋಳಿಬಜೆ ಇಲ್ವಾ? ನಿಮ್ಮ ಮೀಟಿಂಗಲ್ಲಿ ಅದು ಒಳ್ಳೆಯದುಂಟು ಅಂತ ಕೇಳಿದ್ದೆ. ನನಗೆ ಶುಗರ್ ಬೇರೆ ಉಂಟು ಮಾರಾಯ್ರೆ,” ಎಂದರು. ಆಮೇಲೆ ವಾಮನಣ್ಣನ ಜೊತೆ ತುಳುವಿನಲ್ಲಿ ಹರಟಿದರು. ಅವರ ತುಳು ನನ್ನದಕ್ಕಿಂತ ಚೆನ್ನಾಗಿತ್ತು.

ಇಷ್ಟಕ್ಕೇ ನಾನು ಎಚ್ಚರಗೊಳ್ಳಬೇಕಿತ್ತು. ಎಚ್ಚರವಾಗಲಿಲ್ಲ. ಎರಡು ತಿಂಗಳ ನಂತರ ನಿಜವಾದ ತೊಂದರೆ ಎದುರಾಯಿತು. ಹೊಲಿಗೆ ತರಗತಿಗೆ ಸೇರಿದ್ದ ಇಪ್ಪತ್ತು ಹೆಂಗಸರಲ್ಲಿ ಎಂಟು ಮಂದಿ ಬರುವುದನ್ನು ನಿಲ್ಲಿಸಿದರು. ಉಳಿದವರೂ ಒಂದು ದಿನ ಬಂದರೆ ಎರಡು ದಿನ ಇಲ್ಲ. ಹೀಗೇ ಆದರೆ ತರಗತಿಯನ್ನೇ ಮುಚ್ಚಬೇಕಾದೀತು ಎಂದು ವಾಮನಣ್ಣ ಸಭೆಯಲ್ಲಿ ಹೇಳಿದರು. ನಾನು ಎದ್ದು ನಿಂತೆ. ಹೆಣ್ಣುಮಕ್ಕಳು ಹೊರಗೆ ಹೋಗುವುದನ್ನು ಕೆಲವು ಮನೆಗಳವರು ಒಪ್ಪುವುದಿಲ್ಲ, ಅದು ಅವರವರ ಸಂಸ್ಕೃತಿ, ಅದರ ಮುಂದೆ ನಾವು ವಿನಯದಿಂದ ತಲೆಬಾಗಬೇಕು ಎಂದು ನಲವತ್ತು ನಿಮಿಷ ಮಾತಾಡಿದೆ. ಕೂತುಕೊಳ್ಳುವಾಗ ನನ್ನ ಕಣ್ಣೇ ಒದ್ದೆಯಾಗಿತ್ತು.

ಝುಬೈದಾ ಮೆಲ್ಲಗೆ ಕೇಳಿದರು, “ಸರ್, ಅವರ ಹತ್ತಿರ ಕೇಳಿದ್ರಾ?”

“ಕೇಳಿದರೆ ಪಾಪ, ಅವರಿಗೆ ಸಂಕೋಚ ಆಗುವುದಿಲ್ವ?” ಎಂದೆ.

“ಹಾಗಾದ್ರೆ ನಾಳೆ ನಾನು ಹೋಗಿ ಕೇಳ್ತೇನೆ. ನೀವು ಬೇಕಾದರೆ ಬನ್ನಿ. ಆದರೆ ಜಗಲಿಯಲ್ಲಿ ಕೂತುಕೊಳ್ಳಬೇಕು.”

ಮರುದಿನ ನಾನು ತರಗತಿಯ ಮನೆಯ ಜಗಲಿಯಲ್ಲಿ ಕುಳಿತೆ. ಒಳಗೆ ಮೊದಲು ಪಿಸುಮಾತು, ಆಮೇಲೆ ಜೋರು ನಗು. ಬಿಟ್ಟುಹೋದವರಲ್ಲಿ ಕೆಲವರನ್ನೂ ಝುಬೈದಾ ಕರೆಸಿದ್ದರು. ಅವರಲ್ಲೊಬ್ಬಳು ಹೇಮಾವತಿ, ನಮ್ಮ ನೆರೆಕೇರಿಯವಳೇ. ಝುಬೈದಾ ಅವಳನ್ನು ಕರೆದುಕೊಂಡು ಹೊರಗೆ ಬಂದು, “ಹೇಳು, ಸರ್‌ಗೆ ನೀನೇ ಹೇಳು,” ಎಂದರು.

“ಪಾಯಿಖಾನೆಯ ಬಾಗಿಲಿಗೆ ಒಳಗಿಂದ ಚಿಲಕ ಇಲ್ಲ ಸರ್,” ಎಂದಳು ಹೇಮಾವತಿ. “ಒಬ್ಬಳು ಹೋದರೆ ಇನ್ನೊಬ್ಬಳು ಹೊರಗೆ ಕಾವಲು ನಿಲ್ಲಬೇಕು. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ನಾವು ನೀರೇ ಕುಡಿಯುವುದಿಲ್ಲ. ನಮ್ಮ ಜೊತೆ ಹೊಲಿಯುವ ಅವ್ವಮ್ಮನಿಗೆ ಉರಿಮೂತ್ರ ಆಗಿ ಡಾಕ್ಟ್ರ ಹತ್ತಿರ ಹೋದಳು. ಮತ್ತೆ ಯಾರು ಬರ್ತಾರೆ?”

ನನಗೆ ಮುಖ ಎಲ್ಲಿಡಬೇಕೆಂದು ತಿಳಿಯಲಿಲ್ಲ. “ಮೊದಲೇ ನನಗೆ ಹೇಳಬಾರದಿತ್ತಾ?”

“ಹೇಳ್ಲಿಕ್ಕೆ ಬಂದಿದ್ದೆ ಸರ್. ‘ಹೆಂಗಸರಿಗೆ ಇಲ್ಲಿ ಒಂದು ತೊಂದರೆ ಉಂಟು’ ಅಂತ ಶುರು ಮಾಡಿದೆ. ತುಳುನಾಡಿನಲ್ಲಿ ಹೆಂಗಸರಿಗೆ ಎಂಥ ಗೌರವ ಇತ್ತು ಅಂತ ನೀವು ಅಳಿಯಸಂತಾನದ ಬಗ್ಗೆ ಹೇಳಿದ್ರಿ. ಕೇಳ್ತಾ ಕೇಳ್ತಾ ನನ್ನ ಬಸ್ಸು ಹೋಯ್ತು.”

ಅದು ನನಗೆ ನೆನಪಿತ್ತು. ಬಹಳ ಆಸಕ್ತಿಯಿಂದ ಕೇಳುವ ಹುಡುಗಿ ಎಂದು ಅವತ್ತು ಮನೆಯಲ್ಲಿ ಹೆಂಡತಿಯ ಹತ್ತಿರ ಹೊಗಳಿದ್ದೆ ಕೂಡ. ಅವಳು ಬಾಗಿಲ ಕಡೆ ನೋಡುತ್ತಿದ್ದದ್ದನ್ನು ನಾನು ಚಿಂತನೆ ಎಂದುಕೊಂಡಿದ್ದೆ.

ಪ್ರಾಯಶ್ಚಿತ್ತ ನನ್ನ ಕೈಯಿಂದಲೇ ಆಗಲಿ ಎಂದು ಹಾರ್ಡ್‌ವೇರ್ ಅಂಗಡಿಗೆ ಹೋಗಿ ಗಟ್ಟಿ ಚಿಲಕವೊಂದನ್ನು ತಂದೆ. ಬಡಗಿಯನ್ನು ಕರೆಯುವ ಎಂದರು ಝುಬೈದಾ. ಬೇಡ ಎಂದೆ. ಅಧ್ಯಕ್ಷನೇ ಪಾಯಿಖಾನೆಯ ಬಾಗಿಲ ಮುಂದೆ ಮಂಡಿಯೂರಿದರೆ ಅದಕ್ಕಿಂತ ದೊಡ್ಡ ವಿನಯ ಉಂಟೇ? ಸ್ಕ್ರೂಗಳನ್ನು ಬಿಗಿದು, ಸರಿಯಾಗಿದೆಯೋ ಎಂದು ಪರೀಕ್ಷಿಸಲು ಒಳಗೆ ಹೋಗಿ ಚಿಲಕ ಹಾಕಿಕೊಂಡೆ. ಚೆನ್ನಾಗಿ ಬಿತ್ತು. ತೆಗೆಯಲು ಹೋದರೆ ಅಲುಗಲಿಲ್ಲ.

ಬಾಗಿಲು ಬಡಿದೆ. ಕೂಗಿದೆ. ಹೊರಗೆ ಹೊಲಿಗೆ ಯಂತ್ರಗಳ ಸದ್ದು ಒಂದೇ ಸಮನೆ ಕೇಳುತ್ತಿತ್ತು, ಯಾರೂ ಬರಲಿಲ್ಲ. ಕಾಲು ಗಂಟೆಯ ಮೇಲೆ ಹೇಮಾವತಿಯ ದನಿ ಕೇಳಿಸಿತು. “ಸ್ಕ್ರೂಡ್ರೈವರ್ ನಿಮ್ಮ ಹತ್ತಿರವೇ ಉಂಟಲ್ಲ ಸರ್? ಮೇಲಿನ ಸ್ಕ್ರೂ ಮೊದಲು ಬಿಡಿಸಿ. ಎಡಕ್ಕೆ ತಿರುಗಿಸಿ. ಮಾತಾಡಬೇಡಿ, ತಿರುಗಿಸಿ.” ಜೀವನದಲ್ಲಿ ಮೊದಲ ಬಾರಿಗೆ ನಾನು ಒಬ್ಬರು ಹೇಳಿದ್ದನ್ನು ಹೇಳಿದ ಹಾಗೆಯೇ ಮಾಡಿದೆ. ಬಾಗಿಲು ತೆರೆಯಿತು.

ಬೆವರೊರೆಸುತ್ತ ಕೇಳಿದೆ, “ಅಷ್ಟು ಹೊತ್ತಿನಿಂದ ಕೂಗಿದ್ದು ಕೇಳಿಸ್ಲಿಲ್ವ?”

“ಕೇಳಿಸಿತು ಸರ್,” ಎಂದಳು ಆಕೆ ನಿಷ್ಕಪಟವಾಗಿ. “ಎಂತದೋ ಭಾಷಣ ಮಾಡ್ತಾ ಇದ್ದೀರಿ ಅಂತ ಗ್ರಹಿಸಿದೆವು. ಮುಗಿಯಲಿ ಅಂತ ಕಾದೆವು.”

ಮರುದಿನ ಬಡಗಿ ಬಂದು ಚಿಲಕವನ್ನು ಸರಿಮಾಡಿದ. ಬಿಟ್ಟುಹೋದ ಎಂಟು ಮಂದಿಯಲ್ಲಿ ಆರು ಮಂದಿ ಮರಳಿ ಬಂದರು, ತರಗತಿ ಉಳಿಯಿತು. ಉಳಿದಿಬ್ಬರು ಏಕೆ ಬರಲಿಲ್ಲ ಎಂಬುದನ್ನು ಸಮಿತಿಗೆ ವಿವರಿಸಲು ಮುಂದಿನ ಸಭೆಯಲ್ಲಿ ನಾನು ಎದ್ದು ನಿಂತು ಗಂಟಲು ಸರಿಪಡಿಸಿಕೊಂಡೆ. “ಕೂತುಕೊಳ್ಳಿ ಸರ್, ನಾನು ಅವರ ಮನೆಗೇ ಹೋಗಿ ಕೇಳಿ ಬಂದಿದ್ದೇನೆ,” ಎಂದರು ಝುಬೈದಾ. ಕೂಡಲೇ ಕುಳಿತೆ. ಎಷ್ಟು ವಿನಯದಿಂದ ಕುಳಿತೆನೆಂದರೆ, ಅದನ್ನು ಯಾರಾದರೂ ಗಮನಿಸಿದರೋ ಎಂದು ಸುತ್ತ ಒಮ್ಮೆ ನೋಡಿದೆ. ಎಲ್ಲರೂ ಝುಬೈದಾ ಅವರ ಮಾತು ಕೇಳುತ್ತಿದ್ದರು.