ಗೌಡರ ಆಫ್ರಿಕಾ ಕೋಣಕ್ಕೆ ನಾನು ಆರಿಸಿಕೊಟ್ಟ ಬಂದೂಕು

ನಾನು ಓದಿದ್ದನ್ನೆಲ್ಲ ಮಾಡಿಯೂ ಇದ್ದೇನೆಂದು ಜನ ತಿಳಿದುಕೊಂಡರೆ, ಅವರನ್ನು ತಿದ್ದಲು ನನಗೆ ಮನಸ್ಸಾಗುವುದಿಲ್ಲ. ಇದೊಂದು ಚಟ. ಚಿತ್ತಾಪುರದ ಹೈಸ್ಕೂಲಿನಲ್ಲಿ ನಾನು ಇಂಗ್ಲಿಷ್ ಮಾಸ್ತರನಾಗಿದ್ದಾಗ ಅಲ್ಲಿ ಯಾರೋ ಸಾಹೇಬರು ಬಿಟ್ಟುಹೋದ ಶಿಕಾರಿ ಪುಸ್ತಕಗಳು ಒಂದು ಕಪಾಟು ತುಂಬ ಇದ್ದವು. ಅವನ್ನು ಓದುವುದು, ಸಂಜೆ ಚಹಾದಂಗಡಿಯಲ್ಲಿ ಕುಳಿತು ಹೇಳುವುದು. ಹೇಳುವಾಗ ‘ಆ ಸಾಹೇಬ’ ಎಂಬ ಮಾತು ಆಗಾಗ ಬಿಟ್ಟುಹೋಗುತ್ತಿತ್ತು. ಎರಡು ವರ್ಷದಲ್ಲಿ ನಾನು ‘ಶಿಕಾರಿ ಮಾಸ್ತರ’ನಾದೆ. ಅಲ್ಲಿಯವರೆಗೆ ನಾನು ಕೊಂದದ್ದು ತಿಗಣೆ ಮತ್ತು ಒಂದು ಚೇಳು. ಚೇಳಿಗೂ ಚಪ್ಪಲಿ ತಂದುಕೊಟ್ಟವಳು ಹೆಂಡತಿ.

ಹೀಗಿರುವಾಗ ಸೇಡಂ ಕಡೆಯ ಶರಣಪ್ಪ ಗೌಡರು ನನ್ನನ್ನು ಹುಡುಕಿಕೊಂಡು ಬಂದರು. ಶಹಾಬಾದಿನಲ್ಲಿ ಎಂಜಿನಿಯರಾಗಿದ್ದ ಅವರ ಗೆಳೆಯರೊಬ್ಬರು ಆಫ್ರಿಕಾಕ್ಕೆ ಹೋಗಿ ನೆಲೆಸಿದ್ದರು. ಕಾಡುಕೋಣದ ಶಿಕಾರಿಗೆ ಬಾ, ನಿನ್ನ ಬಂದೂಕು ನೀನೇ ತಾ ಎಂದು ಬರೆದಿದ್ದರು.

“ಮಾಸ್ತರ್ರೆ, ಚಿಂಚೋಳಿ ಅಡವ್ಯಾಗ ಹಂದಿ ಹೊಡದೀನಿ, ಖರೆ. ಇದು ಕೋಣ ಅದ. ಗಾಯ ಆದ್ರ ಓಡಂಗಿಲ್ಲಂತ, ತಿರುಗಿ ಮೈಮ್ಯಾಲೆ ಬರ್ತದಂತ. ಮನ್ಯಾಗ ಮೂರು ಮಕ್ಕಳವ. ಯಾವ ಬಂದೂಕು, ಯಾವ ಗುಂಡು, ನೀವೇ ಹೇಳ್ರಿ,” ಎಂದರು.

ನಿಜ ಹೇಳಲು ಅದಕ್ಕಿಂತ ಒಳ್ಳೆಯ ಸಮಯ ಇರಲಿಲ್ಲ. ನಾನು ಚಹಾ ತರಿಸಿದೆ.

ವಾಡಿಯಲ್ಲಿ ಬಂದೂಕು ದುರಸ್ತಿ ಮಾಡುವ ದಸ್ತಗೀರ್ ಮಿಯಾ ಎಂಬ ಹಿರಿಯರ ಬಳಿ ಹಳೆಯ ಜಾಗೀರದಾರರ ಎರಡು ರೈಫಲುಗಳು ಮಾರಾಟಕ್ಕಿದ್ದವು. ಒಂದು ಜೋಡಿ ನಳಿಗೆಯದು, ಒನಕೆಯಷ್ಟು ದಪ್ಪ. ಇನ್ನೊಂದು ಒಂಟಿ ನಳಿಗೆಯದು, ತೆಳುವು. ಅದು ಮುನ್ನೂರ ಎಪ್ಪತ್ತೈದು ಬೋರಿನದು. ನಾನು ಕಣ್ಣು ಕಿರಿದು ಮಾಡಿ ಎರಡನ್ನೂ ನೋಡಿ ದಪ್ಪನೆಯದನ್ನು ತಟ್ಟಿದೆ. ಗುಂಡೂ ಹೇಳಿದೆ: ಮೂತಿಯಲ್ಲಿ ಮೆತ್ತನೆಯ ಸೀಸವಿದ್ದು ಒಳಗೆ ಹೋಗಿ ಅರಳುವಂಥದ್ದೇ ಇರಲಿ, ಗಟ್ಟಿ ತಾಮ್ರದ್ದು ಒಂದೂ ಬೇಡ.

“ಬಂದೂಕ್ ಹೆಗಲಿಗಿ ಕುಂದ್ರಬೇಕ್ರಿ ಮಾಸ್ತರ್ ಸಾಬ್,” ಎಂದರು ದಸ್ತಗೀರ್ ಮಿಯಾ. “ಜಾನ್ವರ್ ಸಾಯೂದಕ್ಕಿಂತ ಮೊದಲ ಆದ್ಮಿ ಸಾಯಬಾರದು. ಮತ್ತ ಕೋಣದ ಎಲುಬು ಭಾಳ ದಪ್ಪ ಇರ್ತದ, ಮೆತ್ತನ ಗುಂಡು ದಾಟಂಗಿಲ್ಲ.” ಗೌಡರು ಇಬ್ಬರ ಮಾತನ್ನೂ ಕೇಳಿ ಎರಡೂ ಬಂದೂಕು ಕೊಂಡರು.

ಪರೀಕ್ಷೆಗೆಂದು ಶಹಾಬಾದಿನ ಹಾಳುಬಿದ್ದ ಕಲ್ಲುಗಣಿಗೆ ಹೋದೆವು. ಮೊದಲ ಗುಂಡು ಗುರುಗಳೇ ಹಾರಿಸಬೇಕೆಂದು ಗೌಡರು ಹಟ ಹಿಡಿದರು. ಹಾರಿಸಿದೆ. ಕಣ್ಣು ಬಿಟ್ಟಾಗ ನಾನು ನೆಲದ ಮೇಲೆ ಕುಳಿತಿದ್ದೆ, ಟೋಪಿ ದಸ್ತಗೀರ್ ಮಿಯಾರ ಕೈಯಲ್ಲಿತ್ತು. ‘ಇದರ ಜೋರು ನೋಡಿದಿರಾ’ ಎಂದು ಅಲ್ಲಿಂದಲೇ ಹೇಳಿದೆ. ಮನೆಯಲ್ಲಿ ಹೆಂಡತಿ ಹೆಗಲಿಗೆ ಉಪ್ಪಿನ ಶಾಖ ಕೊಡುತ್ತ, “ಇನ್ನಾ ಕೋಣ ಎದುರಿಗಿ ಬಂದಿಲ್ಲ, ಈಗೇ ಹಿಂಗ?” ಎಂದಳು.

ಅಷ್ಟರಲ್ಲಿ ನವರಾತ್ರಿ ಬಂತು. ನಮ್ಮ ಕಡೆ ಮಹಾನವಮಿಗೆ ಖಂಡೆ ಪೂಜೆ. ಮನೆಯ ಆಯುಧಗಳೆಲ್ಲ ದೇವರ ಮುಂದೆ ಬರುತ್ತವೆ. ಗಂಡ ಸಮುದ್ರ ದಾಟಿ ಹೋಗುವವರೆಂದು ಗೌಡಶಾನಿಯವರಿಗೆ ಮೊದಲೇ ಚಿಂತೆ. “ಮಾಸ್ತರ್ರೆ, ಕುಡಗೋಲಿಗಿ, ಕೊಡ್ಲಿಗಿ ಎಣ್ಣಿ ಹಚ್ತೀವಿ. ಕಾರ್ತೂಸಿಗೂ ಹಚ್ಚಬಹುದೇನ್ರಿ?” ಎಂದು ಕೇಳಿದರು. ಗೊತ್ತಿಲ್ಲ ಎನ್ನುವ ಅಭ್ಯಾಸ ನನಗಿರಲಿಲ್ಲ. ಲೋಹಕ್ಕೆ ಎಣ್ಣೆಗಿಂತ ಒಳ್ಳೆಯದಿಲ್ಲ, ಹಚ್ಚುವುದೇಕೆ, ಮುಳುಗಿಸಿಯೇ ಇಡಿ ಎಂದೆ. ಎರಡೂ ಬಂದೂಕಿನ ಕಾರ್ತೂಸುಗಳು ಒಂಬತ್ತು ದಿನ ಹಿತ್ತಾಳೆಯ ಪರಾತದಲ್ಲಿ ಕುಸುಬಿ ಎಣ್ಣೆ ಕುಡಿದವು.

ದಸರೆಯ ನಂತರ ಮತ್ತೆ ಗಣಿಗೆ ಹೋದೆವು. ಗೌಡರು ಗುರಿ ಹಿಡಿದು ಕುದುರೆ ಎಳೆದರು. ಟಿಕ್. ಬೇರೆ ಕಾರ್ತೂಸು ಹಾಕಿದರು. ಟಿಕ್. ಹತ್ತರಲ್ಲಿ ಹಾರಿದ್ದು ಎರಡು. ದಸ್ತಗೀರ್ ಮಿಯಾ ಒಂದನ್ನು ಮೂಸಿ ನೋಡಿ, “ಇದರ ತಳದಾಗಿನ ಮಸಾಲಿಗಿ ಎಣ್ಣಿ ಇಳದದ. ಕಾರ್ತೂಸಿಗಿ ಅಭ್ಯಂಗ ಮಾಡ್ಸೀರೇನ್ರಿ?” ಎಂದರು. ನನಗೆ ನಗು ಬರಲಿಲ್ಲ. ಎದುರಿಗೆ ಗಾಯಗೊಂಡ ಕೋಣ, ಕೈಯಲ್ಲಿ ಟಿಕ್ ಎನ್ನುವ ಬಂದೂಕು, ಊರಿನಲ್ಲಿ ಮೂರು ಮಕ್ಕಳು. ಅವತ್ತು ನನಗೆ ನಿಜಕ್ಕೂ ಭಯವಾಯಿತು, ನಾಚಿಕೆಯೂ ಆಯಿತು.

ಆಶ್ಚರ್ಯವೆಂದರೆ ಗೌಡರು ನನ್ನನ್ನು ಬಿಡಲಿಲ್ಲ. ಆಮೇಲೂ ವಾರಕ್ಕೊಮ್ಮೆ ಬಂದು ಎಂಥ ಬೂಟು, ಎಲ್ಲಿಗೆ ಗುರಿ ಎಂದು ಕೇಳುತ್ತಲೇ ಇದ್ದರು. ನಾನು ಹೇಳುತ್ತಲೇ ಇದ್ದೆ. ಕೊನೆಗೆ ವಾಡಿ ಸ್ಟೇಷನ್ನಿನಲ್ಲಿ ಮುಂಬೈ ಗಾಡಿ ಬರುವ ಹೊತ್ತಿಗೆ ತಡೆಯಲಾಗಲಿಲ್ಲ. “ಗೌಡ್ರೆ, ತಪ್ಪಾಯ್ತು. ನಾ ಒಂದು ಗುಬ್ಬಿ ಸುದ್ದಾ ಹೊಡದಿಲ್ಲ,” ಎಂದೆ.

“ಎಣ್ಣಿ ಕಾರ್ತೂಸು ಟಿಕ್ ಅಂದಾಗೇ ತಿಳೀತ್ರಿ.”

“ಮತ್ತ ಯಾಕ ಕೇಳಾಕತ್ತಿದ್ರಿ?”

“ದಸ್ತಗೀರ್ ಮಿಯಾ ಒಂದು ಹೇಳ್ತಿದ್ರು. ನೀವು ಅದರ ಉಲ್ಟಾ ಹೇಳಿದ್ರ ನನಗ ಧೈರ್ಯ ಬರ್ತಿತ್ತು,” ಎಂದು ಗೌಡರು ಗಾಡಿ ಹತ್ತಿದರು. ಅವರ ಕೈಯಲ್ಲಿದ್ದದ್ದು ತೆಳ್ಳನೆಯ ಬಂದೂಕಿನ ಪೆಟ್ಟಿಗೆ ಮತ್ತು ದಸ್ತಗೀರ್ ಮಿಯಾ ಕೊಡಿಸಿದ ಹೊಸ ಕಾರ್ತೂಸುಗಳು.

ಎರಡು ತಿಂಗಳು ಅಂಚೆಯವನ ದಾರಿ ಕಾದೆ. ಕಾಗದ ಬಂತು. ಗೌಡರು ಕ್ಷೇಮ. ಮೊದಲ ಗುಂಡಿಗೆ ಕೋಣ ತಿರುಗಿತಂತೆ, ಎರಡನೆಯ ಗಟ್ಟಿ ತಾಮ್ರದ ಗುಂಡಿಗೆ ಬಿತ್ತಂತೆ. ಓದಿ ಕಣ್ಣಲ್ಲಿ ನೀರು ಬಂತು. ಕೆಳಗೆ ಇನ್ನೊಂದು ಸಾಲಿತ್ತು: ಮುಂದಿನ ತಿಂಗಳು ಸಿಂಹದ ಶಿಕಾರಿ ಇದೆ, ಗೆಳೆಯನ ಹತ್ತಿರ ಮೂರು ನಮೂನೆಯ ಬಂದೂಕುಗಳಿವೆ, ಯಾವುದು ಸರಿಯೆಂದು ಕೂಡಲೇ ಬರೆಯಿರಿ, ಅದನ್ನು ಬಿಟ್ಟು ಹೋಗುತ್ತೇನೆ.

ಎರಡು ದಿನ ಪೆನ್ನು ಏಳಲಿಲ್ಲ. ಒಬ್ಬ ಮನುಷ್ಯನ ಪ್ರಾಣ ನನ್ನ ತಪ್ಪಿನ ಮೇಲೆ ನಿಂತಿತ್ತು. ಎಲ್ಲಾದರೂ ಈ ಸಲ ಸರಿಯಾದದ್ದನ್ನೇ ಹೇಳಿಬಿಟ್ಟರೆ ಗತಿಯೇನು? ಕೊನೆಗೆ ವಾಡಿಗೆ ಹೋಗಿ ದಸ್ತಗೀರ್ ಮಿಯಾರನ್ನು ಕೇಳಿ, ಅವರು ಬ್ಯಾಡ ಎಂದ ಬಂದೂಕನ್ನೇ ಬಲವಾಗಿ ಶಿಫಾರಸು ಮಾಡಿ ಬರೆದೆ.