ತೋಟಪ್ಪನ ಸಂಕಕ್ಕೆ ಬಳಿದ ಗೇರೆಣ್ಣೆ

ಆಲೂರು ತಾಲ್ಲೂಕಿನ ಚರಿತ್ರೆಯನ್ನು ಮುಂದೆ ಯಾರಾದರೂ ಬರೆಯುವುದಾದರೆ, ಹೊಯ್ಸಳರಿಗೆ ಎರಡು ಪುಟ ಕಡಿಮೆ ಮಾಡಿಯಾದರೂ ಸರಿ, ತೋಟಪ್ಪನ ಸಂಕದ ಮೇಲೆ ಅಣಬೆ ಎದ್ದ ಸಂಗತಿಗೆ ಒಂದು ಅಧ್ಯಾಯ ಮೀಸಲಿಡಬೇಕು. ಅಣಬೆ ದೊಡ್ಡದೇನಲ್ಲ. ಮುದುಕರ ಕಿವಿಯಷ್ಟಿತ್ತು. ಕಿವಿಯ ಹಾಗೆಯೇ ದಿಮ್ಮಿಯ ಪಕ್ಕಕ್ಕೆ ಅಂಟಿಕೊಂಡು, ಊರವರ ಮಾತನ್ನೆಲ್ಲ ಕೇಳಿಸಿಕೊಳ್ಳುವಂತೆ ಅರಳಿತ್ತು. ಅದನ್ನು ಕಂಡು ತೋಟಪ್ಪನ ಮೈ ಉರಿದುಹೋಯಿತು.

ತೋಟಪ್ಪನ ಮೈ ಉರಿಯಲು ಅಣಬೆಯೇ ಬೇಕೆಂದೇನಿರಲಿಲ್ಲ. ಕಾಫಿಗೆ ಬಿಸಿ ಜಾಸ್ತಿಯಾದರೂ ಸಾಕು, ಆರಿದರೂ ಸಾಕು. ಆದರೆ ಈ ಸಲದ ಸಿಟ್ಟಿಗೆ ಕಾರಣವಿತ್ತು. ಮಗ್ಗೆ ಊರಿನಿಂದಾಚೆ ಅವನದೊಂದು ಸಣ್ಣ ಕಾಫಿ ತೋಟ. ತೋಟಕ್ಕೂ ರಸ್ತೆಗೂ ನಡುವೆ ಹಳ್ಳ. ಹಳ್ಳಕ್ಕೆ ಅಡ್ಡಲಾಗಿ ಮೂರು ಸಿಲ್ವರ್ ಓಕ್ ದಿಮ್ಮಿ ಮಲಗಿಸಿ, ಮೇಲೆ ಹಲಗೆ ಜಡಿದದ್ದೇ ಆ ಸಂಕ. ಹೊನ್ನೆಯನ್ನೋ ಮತ್ತಿಯನ್ನೋ ಹಾಕಿದ್ದರೆ ಮೊಮ್ಮಕ್ಕಳ ಕಾಲಕ್ಕೂ ಉಳಿಯುತ್ತಿತ್ತು. ಆದರೆ ಹೊನ್ನೆ ಕಡಿದರೆ ಫಾರೆಸ್ಟಿನವರು ಬರುತ್ತಾರೆ. ಸಿಲ್ವರ್ ಕಡಿದರೆ ಯಾರೂ ಬರುವುದಿಲ್ಲ, ಅಣಬೆ ಮಾತ್ರ ಬರುತ್ತದೆ.

ಸಿಮೆಂಟಿನ ಸೇತುವೆ ಕೊಡಿ ಎಂದು ತೋಟಪ್ಪ ಪಂಚಾಯ್ತಿಗೆ ಅಲೆದಿದ್ದ. ಕೈ ಮುಗಿದಿದ್ದ, ಮೇಜು ಗುದ್ದಿದ್ದ. ಕೊನೆಗೊಂದು ದಿನ ತುಂಬಿದ ಸಭೆಯಲ್ಲಿ, "ನಿಮ್ ಸೇತುವೇನ ನಿಮ್ ತಲೇ ಮೇಲೇ ಕಟ್ಕೊಳ್ಳಿ!" ಎಂದು ಕೂಗಿ ಬಂದವನು ಮತ್ತೆ ಆ ಕಡೆ ತಲೆ ಹಾಕಿರಲಿಲ್ಲ.

ಹಿಂದಿನ ದಿನ ಮಗ್ಗೆಯಲ್ಲಿ ಕಾಫಿ ವ್ಯಾಪಾರಿ ಹಬೀಬ್ ಸಿಕ್ಕಿದ್ದ. ಹಬೀಬನ ಜೀಪು ಟ್ರೈಲರ್ ಎಳೆದುಕೊಂಡು ಸಂಕ ದಾಟಿ ಬಂದರೆ ಕಣದಿಂದಲೇ ಕಾಫಿ ಎತ್ತುತ್ತದೆ. ಬರದಿದ್ದರೆ ಪ್ರತಿ ಮೂಟೆಯೂ ಆಳಿನ ತಲೆಯ ಮೇಲೆ ಹಳ್ಳ ದಾಟಿ, ಏರು ಹತ್ತಿ ರಸ್ತೆ ಸೇರಬೇಕು. ಆಳುಗಳು ಕಾಫಿ ಕೊಯ್ಯಲೇ ಸಿಗುತ್ತಿರಲಿಲ್ಲ, ಇನ್ನು ಹೊರಲು ಯಾರು ಸಿಗುತ್ತಾರೆ?

"ತೋಟಪ್ಪಣ್ಣ," ಎಂದಿದ್ದ ಹಬೀಬ್, "ಹೋದ್ವರ್ಷ ನಿಮ್ ಸಂಕ ದಾಟೋವಾಗ ನಾನು ಅಲ್ಲಾನ ನೆನಸ್ದೆ, ನನ್ ಡ್ರೈವರು ಮಂಜುನಾಥಸ್ವಾಮೀನ ನೆನಸ್ದ. ಇಬ್ರೂ ಸೇರಿ ಹೆಂಗೋ ದಾಟಿಸಿದ್ರು. ಈ ಸಲ ಅವ್ರಿಗೆ ತೊಂದ್ರೆ ಕೊಡೋದು ಬೇಡ. ನಾಳೆ ಸಂಜೆ ನಮ್ ಕಡೆಯೋರು ಒಬ್ರು ಬಂದು ನೋಡ್ತಾರೆ. ಗಟ್ಟಿ ಐತೆ ಅಂದ್ರೆ ಜೀಪು ಬರ್ತೈತೆ. ಇಲ್ಲಾಂದ್ರೆ ಮಾಲು ನೀವೇ ರಸ್ತೆಗೆ ಹಾಕ್ಸಿ."

ಹೇಳಿದ್ದಲ್ಲದೆ ಒಂದು ಟಿನ್ ಗೇರೆಣ್ಣೆಯನ್ನೂ ಕೊಟ್ಟಿದ್ದ. ಗೇರುಬೀಜದ ಸಿಪ್ಪೆಯಿಂದ ತೆಗೆದ ಕಪ್ಪು ಎಣ್ಣೆ. "ಮಂಗ್ಳೂರಲ್ಲಿ ಮೀನಿನ ದೋಣಿಗೆ ಬಳೀತಾರೆ. ಸಮುದ್ರದಲ್ಲೇ ಕೊಳೆಯಲ್ಲ, ನಿಮ್ ಹಳ್ಳ ಯಾವ ಲೆಕ್ಕ? ಆದ್ರೆ ಮರ ಒಣಗಿರ್ಬೇಕು. ಕೈಗೆ ಗೀಗೆ ತಾಗಿಸ್ಕೋಬೇಡಿ, ಬೊಬ್ಬೆ ಏಳ್ತೈತೆ." ತೋಟಪ್ಪ ಟಿನ್ನನ್ನು ಮನೆಗೆ ತಂದ. ಬುದ್ಧಿಮಾತನ್ನು ಮಗ್ಗೆಯಲ್ಲೇ ಬಿಟ್ಟು ಬಂದ.

ಬೆಳಿಗ್ಗೆ ಅಣಬೆ ಕಿತ್ತೆಸೆದದ್ದೇ ತಡ, ಕಿತ್ತ ಜಾಗದಲ್ಲಿ ಬೆರಳು ಒಳಗೆ ಹೋಯಿತು, ರಾಗಿ ಮುದ್ದೆಯೊಳಗೆ ಹೋದ ಹಾಗೆ. ದಿಮ್ಮಿ ಹೊರಗಿನಿಂದ ದಿಮ್ಮಿ, ಒಳಗೆಲ್ಲ ಕೊಳೆತು ಲಡ್ಡು. ತೋಟಪ್ಪ ಅತ್ತಿತ್ತ ನೋಡಿ, ಆ ತೂತಿಗೆ ಹರಿದ ಗೋಣಿಚೀಲ ತುರುಕಿ, ಮೇಲೆ ಜೇಡಿಮಣ್ಣು ಮೆತ್ತಿದ. ಇನ್ನು ಔಷಧ.

ಕಾಫಿ ಗಿಡಕ್ಕೆ ಬೋರ್ಡೋ ದ್ರಾವಣ ಹೊಡೆದು ಉಳಿದ ಮೈಲುತುತ್ತ ಸ್ಟೋರಿನಲ್ಲಿತ್ತು. ಗಿಡದ ಬೂಷ್ಟು ಕೊಲ್ಲುವ ವಿಷ ಮರದ ಬೂಷ್ಟನ್ನು ಬಿಟ್ಟೀತೆ? ವಿಚಾರ ಸರಿಯಾಗಿಯೇ ಇತ್ತು. ಮೈಲುತುತ್ತವನ್ನು ಕಬ್ಬಿಣದ ಪಾತ್ರೆಯಲ್ಲಿ ಕಲಸಬಾರದು, ಪಾತ್ರೆಯನ್ನೇ ತಿನ್ನುತ್ತದೆ ಎಂಬುದು ಆ ಸೀಮೆಯಲ್ಲಿ ತೊಟ್ಟಿಲ ಮಗುವಿಗೂ ಗೊತ್ತು. ತೋಟಪ್ಪನಿಗೂ ಗೊತ್ತಿತ್ತು. ಆದರೆ ಸಿಟ್ಟು ಬಂದವನ ಕೈಗೆ ಹತ್ತಿರದ ಪಾತ್ರೆ ಸಿಗುತ್ತದೆ, ಸರಿಯಾದ ಪಾತ್ರೆ ಸಿಗುವುದಿಲ್ಲ. ಬಚ್ಚಲ ಬಾಗಿಲಲ್ಲಿದ್ದ ಕಬ್ಬಿಣದ ತಗಡಿನ ಬಕೆಟ್ಟು ಎತ್ತಿಕೊಂಡು ಹೋಗಿ ಕಲಸಿಟ್ಟ. ಹಲಗೆ ತಿಕ್ಕಿ ತೊಳೆದು ಬರುವಷ್ಟರಲ್ಲಿ ಬಕೆಟ್ಟು ಒಳಗೆಲ್ಲ ತಾಮ್ರದ ಬಣ್ಣಕ್ಕೆ ತಿರುಗಿ, ಮೊದಲೇ ಸವೆದಿದ್ದ ತಳದಿಂದ ನೀಲಿ ನೀರು ಜಿನುಗುತ್ತಿತ್ತು.

ಹೆಂಡತಿ ದೇವೀರಮ್ಮ ಅದನ್ನು ನೋಡಿದ್ದು ಅದೇ ಗಳಿಗೆಯಲ್ಲಿ.

"ಅಯ್ಯಯ್ಯೋ, ನನ್ ತವರ್ಮನೆ ಬಕೆಟ್ಟು!"

"ಬಾಯ್ ಮುಚ್ಚೇ. ಬಕೆಟ್ ಹೋದ್ರೆ ಹೋಯ್ತು, ಸಂಕ ಉಳೀತೈತೆ."

"ಉಳೀಲಿ ಉಳೀಲಿ. ನಾಳೆಯಿಂದ ಸಂಕಾನೇ ತಲೇ ಮೇಲೆ ಬಗ್ಗಿಸ್ಕೊಂಡು ಸ್ನಾನ ಮಾಡಿ!"

ಆ ಸಿಟ್ಟಿನಲ್ಲಿ ತೋಟಪ್ಪ ಗೇರೆಣ್ಣೆಯ ಟಿನ್ ಒಡೆದ. ಮಳೆ ನಿಂತು ಇನ್ನೂ ವಾರವಾಗಿರಲಿಲ್ಲ. ದಿಮ್ಮಿಗಳು ಹಿಂಡಿದರೆ ನೀರು ಬರುವಷ್ಟು ನೆನೆದಿದ್ದವು. ಅವುಗಳ ಮೇಲೆಯೇ ಗೋಣಿ ಅದ್ದಿ ಅದ್ದಿ ಎಣ್ಣೆ ಬಳಿದ. ಬಳಿದ ಮೇಲೆ ನೆನಪಾಗಿ, ಉಳಿದ ಮೈಲುತುತ್ತದ ನೀರನ್ನೂ ಸುರಿದ. ಅದು ಕೆಸುವಿನೆಲೆಯ ಮೇಲಿನ ಹನಿಯಂತೆ ಉರುಳಿಕೊಂಡು ಹಳ್ಳಕ್ಕೆ ಹೋಯಿತು.

"ಏನ್ ತೋಟಪ್ಪ, ಸಂಕಕ್ಕೆ ಎಣ್ಣೆಸ್ನಾನ ಮಾಡಿಸ್ತಿದ್ದೀಯ? ದೀಪಾವಳಿ ಇನ್ನೂ ದೂರ ಐತಲ್ಲೋ."

ರಸ್ತೆ ಕಡೆಯ ದಡದ ಬಂಡೆಯ ಮೇಲೆ ಮಹಾದೇವಯ್ಯ ಕೂತಿದ್ದ. ಪಕ್ಕದ ತೋಟದವನು. ಅದೇ ಹಳ್ಳದಲ್ಲಿ ಸ್ವಲ್ಪ ಕೆಳಗೆ ಅವನದೂ ಒಂದು ಸಂಕವಿತ್ತು. ಅದರ ಮೇಲೆ ಎಷ್ಟು ಅಣಬೆ ಎದ್ದಿತ್ತೆಂದರೆ ದಾಟುವವರು ಹಲಗೆ ಎಲ್ಲಿದೆಯೆಂದು ಹುಡುಕಬೇಕಿತ್ತು.

"ಮಾದೇವಣ್ಣ, ದಾರಿ ಹಿಡ್ಕೊಂಡು ಹೋಗು. ನಂಗೆ ತಲೆ ಕೆಟ್ಟೈತೆ."

"ಹೋಗ್ತೀನಿ ಮಾರಾಯ. ಮೊದ್ಲು ಮೈಲುತುತ್ತ, ಅದು ಒಣಗಿದ್ ಮೇಲೆ ಎಣ್ಣೆ. ನೀನು ಹಿಂದುಮುಂದು ಮಾಡ್ಬುಟ್ಟಿದ್ದೀಯ. ಎಣ್ಣೆ ಕುಡಿದ ಮರ ಆಮೇಲೆ ನೀರು ಕುಡೀತದಾ?"

"ನಿನ್ ಸಂಕದ ಮೇಲೆ ಅಣಬೆ ತೋಟಾನೇ ಐತಲ್ಲ, ಈ ಬುದ್ಧಿ ಅಲ್ಲಿಗೆ ಹೇಳ್ಕೋ ಹೋಗು!"

"ನಂದು ಇದ್ದಂಗೇ ಇರ್ಲಿ ಅಂತ ಬುಟ್ಟಿದ್ದೀನಿ ಕಣೋ," ಎಂದು ಮಹಾದೇವಯ್ಯ ಎಲೆಗೆ ಸುಣ್ಣ ಸವರಿದ. ಎದ್ದು ಹೋಗುವ ಲಕ್ಷಣ ಕಾಣಲಿಲ್ಲ.

ಮಧ್ಯಾಹ್ನಕ್ಕೆ ಕೆಂಚಮ್ಮ ಬಂದಳು. ತೋಟದ ಮೇಲಿನ ಮನೆಯ ಮುದುಕಿ. ಒಂದು ಕೈಯಲ್ಲಿ ಡೈರಿಗೆ ಹಾಕುವ ಹಾಲಿನ ಕ್ಯಾನು, ಇನ್ನೊಂದು ಕೈಯಲ್ಲಿ ಹಸುವಿನ ಹಗ್ಗ. ಹಸು ಸಂಕದ ಮೇಲೆ ಮುಂಗಾಲಿಟ್ಟು, ಮೂಸಿ, ತೋಟಪ್ಪನ ಮುಖವನ್ನು ಒಮ್ಮೆ ನೋಡಿ, ಹಿಂದಕ್ಕೆ ಸರಿಯಿತು.

"ಲೋ, ಏನ್ ಬಳ್ದಿದ್ದೀಯೋ ಇದಕ್ಕೆ? ಸುಡುಗಾಡು ನಾತ!"

"ಮರ ಕೊಳೀಬಾರ್ದು ಅಂತ ಕಣಕ್ಕ, ಔಷಧಿ."

"ನನ್ ಹಾಲು ಕೊಳೀತದಲ್ಲೋ! ಡೈರಿಯೋನೇನು ನಿಮ್ಮಪ್ಪನಾ ಕಾಯೋಕೆ? ಹೊತ್ಕೊಂಡೋಗಿ ಆಚೆ ದಡಕ್ಕೆ ಮಡಗು!"

ಊರಿನಲ್ಲಿ ತೋಟಪ್ಪ ಎದುರು ಮಾತಾಡದ ಜೀವವೆಂದರೆ ಕೆಂಚಮ್ಮ ಒಬ್ಬಳೇ, ಅವಳ ನಾಲಿಗೆ ಅವನದಕ್ಕಿಂತ ಉದ್ದವಿತ್ತು. ಬಳಿದ ಎಣ್ಣೆ ಅಳಿಸೀತೆಂದು ಸಂಕ ಬಿಟ್ಟು, ಕ್ಯಾನು ತಲೆಯ ಮೇಲಿಟ್ಟುಕೊಂಡು ಹಳ್ಳಕ್ಕಿಳಿದ. ನಡುನೀರಿನಲ್ಲಿ ಪಾಚಿಕಲ್ಲು ಕಾಲಿಗೆ ಸಿಕ್ಕಿತು. ಹಾಲು ಹಳ್ಳದ ಪಾಲಾಯಿತು. ಎದ್ದು ನಿಂತವನು ಎಣ್ಣೆಯ ಕೈಯಿಂದಲೇ ಮುಖದ ನೀರು ಒರೆಸಿಕೊಂಡ.

ಕೆಂಚಮ್ಮ ಅವನ ವಂಶದ ನಾಲ್ಕು ತಲೆಯನ್ನು ಹೆಸರು ಹಿಡಿದು ಬೈದಳು. ಬೈಗುಳ ಕೇಳಿ ಕೂಲಿ ಲೈನಿನ ಮನೆಗಳ ಆಳುಗಳು ಬಂದರು. ಆಳುಗಳನ್ನು ಕಂಡು ದಾರಿಯವರು ನಿಂತರು. ನಿಂತವರೆಲ್ಲರ ಬಳಿಯೂ ಒಂದೊಂದು ಔಷಧವಿತ್ತು. ಹೊಂಗೆ ಎಣ್ಣೆ ಎಂದನೊಬ್ಬ. ಗ್ಯಾರೇಜಿನ ಸುಟ್ಟ ಆಯಿಲ್ ಎಂದನೊಬ್ಬ. ಡಾಂಬರು ಕಾಸಿ ಹುಯ್ಯಬೇಕೆಂದನು ಮತ್ತೊಬ್ಬ. ಅಷ್ಟು ಹೊತ್ತಿಗೆ ತೋಟಪ್ಪನ ಕೈಯಲ್ಲಿ ಬೊಬ್ಬೆ ಎದ್ದು, ಒಂದು ಕಣ್ಣಿನ ರೆಪ್ಪೆ ಊದಿ ಮುಚ್ಚಿಕೊಂಡಿತ್ತು. ಉಳಿದ ಒಂದೇ ಕಣ್ಣಿನಿಂದ ಅವನು ಅಷ್ಟು ಜನರನ್ನೂ ಸುಡುವಂತೆ ನೋಡುತ್ತಿದ್ದ.

ಆದರೂ ಸಂಕ ಮಾತ್ರ, ನಿಜ ಹೇಳಬೇಕೆಂದರೆ, ಚೆನ್ನಾಗಿ ಕಾಣುತ್ತಿತ್ತು. ಇಳಿಬಿಸಿಲಿಗೆ ಕರ್ರಗೆ, ಎಣ್ಣೆ ಹಚ್ಚಿದ ಜಟ್ಟಿಯ ತೊಡೆಯಂತೆ ಮಿಂಚುತ್ತಿತ್ತು.

ಸಂಜೆಯ ಹೊತ್ತಿಗೆ ರಸ್ತೆ ಕಡೆಯಿಂದ ಒಬ್ಬ ಅಪರಿಚಿತ ನಡೆದು ಬಂದ. ಪ್ಯಾಂಟು ಮೊಣಕಾಲಿನವರೆಗೆ ಮಡಚಿತ್ತು. ಕಂಕುಳಲ್ಲಿ ಬ್ಯಾಗು, ಕೈಯಲ್ಲಿ ಕೊಡೆ, ಚಪ್ಪಲಿಯ ತುಂಬ ಕೆಸರು. ಹಬೀಬನ ಕಡೆಯವನು ಬಂದ ಎಂದುಕೊಂಡ ತೋಟಪ್ಪ. ಬಂದವನು ಮಾತಾಡದೆ ಕೊಡೆಯ ತುದಿಯಿಂದ ದಿಮ್ಮಿಯನ್ನು ಅಲ್ಲಲ್ಲಿ ಚುಚ್ಚುತ್ತ ಬಂದ. ಕೊಡೆ ಜೇಡಿಮಣ್ಣಿನ ಜಾಗದ ಹತ್ತಿರ ಬರುತ್ತಿದ್ದಂತೆ ತೋಟಪ್ಪ ಅದರ ಮೇಲೆ ಕಾಲಿಟ್ಟು ನಿಂತುಬಿಟ್ಟ.

"ಏನ್ರೀ ಚುಚ್ಚೋದು? ಮರ ಕಂಡಿಲ್ವಾ?"

"ಅಲ್ಲ, ಲಡ್ಡು ಗಿಡ್ಡು ಹಿಡ್ದಿದ್ಯೇನೋ ಅಂತ..."

"ಲಡ್ಡು! ಯಾವನ್ರೀ ಹೇಳಿದ್ದು ನಿಮ್ಗೆ? ಮೈಲುತುತ್ತ ಹಾಕಿದ್ದೀನಿ, ಗೇರೆಣ್ಣೆ ಕುಡಿಸಿದ್ದೀನಿ. ಇಪ್ಪತ್ತು ವರ್ಷ ಇದಕ್ಕೆ ಏನೂ ಆಗಲ್ಲ. ಮೊನ್ನೆ ಕಾಡಿಂದ ಆನೆ ಬಂದಿತ್ತಲ್ಲ, ಅದನ್ನ ಕರ್ಕೊಂಡ್ಬನ್ನಿ, ಮರೀನೂ ಕರ್ಕೊಂಡ್ಬನ್ನಿ, ಎರಡನ್ನೂ ದಾಟಿಸ್ತೀನಿ! ನೋಡ್ರಿ ಇಲ್ಲಿ!"

ಎಂದವನೇ ಸಂಕದ ನಡುಮಧ್ಯೆ ನಿಂತು ಎರಡೂ ಕಾಲೆತ್ತಿ ಕುಣಿದ. ಒಳಗೊಳಗೇ ಮನೆದೇವರಿಗೆ ಹರಕೆ ಹೊತ್ತ. ದಿಮ್ಮಿಗಳು ಮಿಸುಕಲಿಲ್ಲ.

"ಗಟ್ಟಿ ಐತೆ ಸಾರ್," ಎಂದ ಮಹಾದೇವಯ್ಯ ಬಂಡೆಯ ಮೇಲಿಂದ. "ನಾನು ಬೆಳಿಗ್ಗೆಯಿಂದ ನೋಡ್ತಾ ಇದ್ದೀನಲ್ಲ. ನಮ್ ತೋಟಪ್ಪನಂಗೆ ಮರ ಕಾಪಾಡೋರು ಈ ಸೀಮೇಲೇ ಇಲ್ಲ."

ತೋಟಪ್ಪ ಬಂಡೆಯ ಕಡೆ ತಿರುಗಿ ಕೈ ಮುಗಿದ. ಇಷ್ಟು ವರ್ಷದ ನೆರೆಹೊರೆಯಲ್ಲಿ ಮಹಾದೇವಯ್ಯ ಅವನ ಪರವಾಗಿ ಆಡಿದ ಮೊದಲ ಮಾತು ಅದು.

ಅಪರಿಚಿತ ಸಂಕದ ಈ ತುದಿಯಿಂದ ಆ ತುದಿಗೆ ನಡೆದು, ವಾಪಸು ಬಂದು, ತಲೆದೂಗಿದ. "ಬಹಳ ಸಂತೋಷ. ನಿಮ್ಮ ಹಾಗೆ ಎಲ್ಲರೂ ಮುತುವರ್ಜಿ ತಗೊಂಡ್ರೆ ಸರ್ಕಾರಕ್ಕೆ ಎಷ್ಟೋ ಉಳಿಯುತ್ತೆ. ನಾನು ಹಾಸನದಿಂದ ಬಂದಿರೋ ಇಂಜಿನಿಯರು. ಜೀಪು ಆ ತಿರುವಿನ ಕೆಸರಲ್ಲಿ ಹೂತು ಹೋಯ್ತು, ನಡ್ಕೊಂಡೇ ಬಂದೆ. ಈ ಹಳ್ಳಕ್ಕೆ ಒಂದು ಸಿಮೆಂಟ್ ಸೇತುವೆ ಮಂಜೂರಾಗಿದೆ. ಯಾರ ಸಂಕ ಹಾಳಾಗಿದೆಯೋ ಅಲ್ಲಿಗೆ ಹಾಕೋಣ ಅಂತ. ನಿಮಗೆ ಅಗತ್ಯ ಇಲ್ಲ ಬಿಡಿ."

ತೋಟಪ್ಪನ ತೆರೆದಿದ್ದ ಕಣ್ಣೂ ಒಂದು ಕ್ಷಣ ಮುಚ್ಚಿಕೊಂಡಿತು. ಇಂಜಿನಿಯರು ನಡೆದು ಬರುತ್ತಾನೆಂದು ಯಾರು ಕಂಡಿದ್ದರು?

"ಮಾದೇವಣ್ಣ... ನಿಂಗೆ ಗೊತ್ತಿತ್ತಾ?"

"ಪಂಚಾಯ್ತೀಲಿ ಮೊನ್ನೇನೇ ಹೇಳಿದ್ರು ಮಾರಾಯ. ನೀನು ಆ ಕಡೆ ಬರೋದೇ ಬಿಟ್ಬುಟ್ಟಿದ್ದೀಯಲ್ಲ." ಮಹಾದೇವಯ್ಯ ಪಂಚೆ ಕೊಡವಿಕೊಂಡು ಎದ್ದ. "ಬನ್ನಿ ಸಾರ್, ನಮ್ ಸಂಕ ಇಲ್ಲೇ ಕೆಳಗೆ. ಹುಷಾರಾಗಿ ಕಾಲಿಡ್ಬೇಕು, ಅಣಬೆ ಜಾರ್ತೈತೆ."

"ಸಾರ್! ನಿಂತ್ಕಳಿ ಸಾರ್!" ತೋಟಪ್ಪ ಗಂಟಲು ಹರಿಯುವಂತೆ ಅರಚಿದ. "ಸುಳ್ಳು ಹೇಳ್ಬುಟ್ಟೆ ಸಾರ್! ಪೂರಾ ಲಡ್ಡು ಹಿಡಿದೈತೆ! ಒಳಗೆ ಗೋಣಿಚೀಲ ತುರುಕಿದ್ದೀನಿ! ಮೇಲೆ ಯಾರ್ ಕಾಲಿಟ್ರೂ ಹಳ್ಳಕ್ಕೇ! ನೋಡಿ ಬೇಕಾದ್ರೆ, ಈಗ ಮುರೀತೀನಿ!"

ಮತ್ತೆ ಕುಣಿದ. ಈ ಸಲ ಮುರಿಯಲೆಂದೇ, ಜೀವ ಬಿಟ್ಟು ಕುಣಿದ. ಹಿಮ್ಮಡಿಯಿಂದ ಗುದ್ದಿದ. ಮಗ್ಗೆ ಸೀಮೆಯ ಸಿಲ್ವರ್ ದಿಮ್ಮಿಗಳು ಹುಟ್ಟಿದ ಮೇಲೆ ಅಂಥ ನಿಷ್ಠೆಯನ್ನು ಎಂದೂ ತೋರಿಸಿರಲಿಲ್ಲ. ಒಂದು ಹಲಗೆಯೂ ಅಲುಗಲಿಲ್ಲ. ಇಂಜಿನಿಯರು ತಿರುಗಿ ನೋಡಿ, "ಸೇತುವೆ ಅಂದ ಕೂಡ್ಲೆ ಎಲ್ಲರ ಸಂಕಾನೂ ಲಡ್ಡು ಹಿಡಿಯುತ್ತೆ," ಎಂದು ನಕ್ಕು, ಮಹಾದೇವಯ್ಯನ ಹಿಂದೆ ಹೊರಟುಹೋದ.

ತೋಟಪ್ಪ ಕುಣಿಯುವುದನ್ನು ನಿಲ್ಲಿಸಿ ತಲೆಯೆತ್ತಿದಾಗ ರಸ್ತೆಯಂಚಿನಲ್ಲಿ ಒಂದು ಮೋಟಾರ್ ಬೈಕು ನಿಂತಿತ್ತು. ಅದರ ಮೇಲೆ ಹಬೀಬನ ಅಳಿಯ ಫರ್ಹಾನ್ ಕೂತಿದ್ದ. ಸಂಕ ನೋಡಲು ಹಬೀಬ್ ಕಳಿಸಿದ್ದು ಅವನನ್ನು.

"ಯಾವಾಗ್ ಬಂದ್ಯಪ್ಪಾ?" ಎಂದ ತೋಟಪ್ಪ ಏದುಸಿರು ಬಿಡುತ್ತ.

"'ಪೂರಾ ಲಡ್ಡು ಹಿಡಿದೈತೆ' ಅಂದ್ರಲ್ಲ ತೋಟಪ್ಪಣ್ಣ, ಆವಾಗ್ಲೇ. ನೀವು ನಿಯತ್ತಿನ ಮನುಷ್ಯರು ಕಣಣ್ಣ, ಇದ್ದದ್ದನ್ನ ಇದ್ದಂಗೆ ಹೇಳ್ಬುಟ್ರಿ. ಮಾಮಂಗೆ ಹೇಳ್ತೀನಿ," ಎಂದು ಫರ್ಹಾನ್ ಬೈಕು ತಿರುಗಿಸಿದ.

ಆ ವರ್ಷ ತೋಟಪ್ಪನ ಕಾಫಿ ತಲೆಹೊರೆಯಲ್ಲೇ ರಸ್ತೆಗೆ ಬಂತು. ಬೇಸಿಗೆಯಲ್ಲಿ ಸಿಮೆಂಟಿನ ಸೇತುವೆ ಮಹಾದೇವಯ್ಯನ ತೋಟದ ಮುಂದೆ ಎದ್ದಿತು. ಕಂಡಕಂಡವರೆಲ್ಲ ದಾಟಿ ತೋಟ ತುಳಿಯಬಾರದೆಂದು ಅವನು ಅದರ ತುದಿಗೆ ಮರದ ಗೇಟು ಹಾಕಿಸಿ ಬೀಗ ಜಡಿದ. ಗೇಟಿಗೆ ಬಳಿಯಲು ತೋಟಪ್ಪನ ಮನೆಯಲ್ಲಿ ಉಳಿದಿದ್ದ ಗೇರೆಣ್ಣೆ ಕೇಳಲು ಬಂದ. ಮನೆಯಿಂದ ಆ ವಾಸನೆ ತೊಲಗಿದರೆ ಸಾಕೆಂದು ದೇವೀರಮ್ಮ ಟಿನ್ನಿನ ಸಮೇತ ಕೊಟ್ಟಳು. ಮಹಾದೇವಯ್ಯ ಗೇಟನ್ನು ಬಿಸಿಲಿಗೆ ಚೆನ್ನಾಗಿ ಒಣಗಿಸಿ, ಮೊದಲು ಮೈಲುತುತ್ತ, ಆಮೇಲೆ ಎಣ್ಣೆ ಹಚ್ಚಿಸಿದ.

ತೋಟಪ್ಪನ ಸಂಕ ಆಷಾಢದಲ್ಲಿ, ಮೇಲೆ ಯಾರೂ ಇಲ್ಲದಾಗ, ತಾನಾಗಿಯೇ ಮುರಿದು ಹಳ್ಳಕ್ಕೆ ಬಿತ್ತು. ಮಹಾದೇವಯ್ಯನ ಗೇಟು ಇವತ್ತಿಗೂ ಲಡ್ಡು ಹಿಡಿದಿಲ್ಲ.