ಕಾಲರ್ ಒಪ್ಪದ ಕುತ್ತಿಗೆ

ದರ್ಜಿ ತನ್ನ ಹೆಂಡತಿಗೆಂದು ಆಸೆಯಿಂದ ಹೊಲಿದ ಕೋಟಿನ ಕಾಲರ್ ಗುಂಡಿ ಹಾಕಲು ಬರಲೇ ಇಲ್ಲ. ಎಳೆದ, ಜಗ್ಗಿದ, ಉಸಿರು ಹಿಡಿ ಎಂದ. ಅವಳು ಉಸಿರು ಹಿಡಿದಳು, ಗುಂಡಿ ಹಿಡಿಯಲಿಲ್ಲ. ತನ್ನ ಅಳತೆ ತಪ್ಪಿರಬಹುದೆಂಬ ಯೋಚನೆ ಅವನ ಹತ್ತಿರ ಸುಳಿಯುವಂಥದ್ದಲ್ಲ (ಬಟ್ಟೆ ಸರಿ, ಗಿರಾಕಿಯ ಮೈ ತಪ್ಪು ಎಂಬುದು ಅವನ ವೃತ್ತಿಸಿದ್ಧಾಂತ). ಅಂದಮೇಲೆ ಕುತ್ತಿಗೆಯೇ ಊದಿರಬೇಕು.

ಅಯೋಡಿನ್ ಸಾಲದಿದ್ದರೆ ಕುತ್ತಿಗೆಯ ಥೈರಾಯ್ಡ್ ಗ್ರಂಥಿ ಊದುತ್ತದೆ, ಸುಸ್ತು, ಚಳಿ, ಮಂಪರು ಬರುತ್ತವೆ ಎಂದು ರೇಡಿಯೊದಲ್ಲಿ ಕೇಳಿದ್ದು ನೆನಪಾಯಿತು. ಹೆಂಡತಿ ಸಂಜೆಯಾದರೆ ಸುಸ್ತು ಎನ್ನುತ್ತಿದ್ದಳು. ಅಯೋಡಿನ್ ಇಲ್ಲದ ಹರಳುಪ್ಪಿನ ರುಚಿಯೇ ಬೇರೆ ಎಂದು ವರ್ಷಗಟ್ಟಲೆ ಅದನ್ನೇ ಮನೆಗೆ ತಂದವನು ಅವನೇ. ಅವಳಿಗೇನಾದರೂ ಆದರೆ ಗತಿ?

ಅವಳಿಗೆ ಹೇಳಿದರೆ ಹೆದರಿಯಾಳೆಂದು ಗುಟ್ಟಾಗಿ ಅಯೋಡಿನ್ ಸೇರಿಸಿದ ಉಪ್ಪು ತಂದ. ಅಷ್ಟಕ್ಕೇ ಬಿಟ್ಟಿದ್ದರೆ ಕಥೆಯೇ ಇರುತ್ತಿರಲಿಲ್ಲ. ಜೊತೆಗೆ ಕಡಲಪಾಚಿಯ ಮಾತ್ರೆಗಳ ದೊಡ್ಡ ಡಬ್ಬಿಯನ್ನೂ ತಂದು, ಶಕ್ತಿಗೆ ಒಳ್ಳೆಯದೆಂದು ಅವಳ ಮುಂದಿಟ್ಟ.

"ಒಳ್ಳೇದಾದ್ರೆ ಮೊದ್ಲು ನೀವು ನುಂಗಿ," ಎಂದಳು.

ನುಂಗಿದ. ಅವಳು ತನ್ನದನ್ನು ಬಾಯಿಗೆ ಹಾಕಿಕೊಂಡಂತೆ ಮಾಡಿ ಬಚ್ಚಲಿಗೆ ಎಸೆದಳು. ದಿನವೂ ಇದೇ ನಡೆಯಿತು. ಅವಳ ಸುಸ್ತು ಇಳಿಯದ್ದನ್ನು ಕಂಡು ದರ್ಜಿ ಇಬ್ಬರ ಮಾತ್ರೆಯನ್ನೂ ಏರಿಸುತ್ತಾ ಹೋದ.

ಕೆಲವು ವಾರ ಕಳೆದಂತೆ ಅವನು ಕೂತಲ್ಲಿ ಕೂರಲಾರ, ನಿಂತಲ್ಲಿ ನಿಲ್ಲಲಾರ. ಹಾಕಿದ ಚಿಲಕವನ್ನೇ ಎದ್ದೆದ್ದು ನೋಡಿ ಬಂದ. ಮೈಯೆಲ್ಲ ಬೆವರು, ಕೈಯೆಲ್ಲ ನಡುಕ. ಎಷ್ಟು ತಿಂದರೂ ಹಸಿವು, ಆದರೂ ಸೊಂಟದಲ್ಲಿ ಪ್ಯಾಂಟು ನಿಲ್ಲದು. ಎದೆಯಂತೂ ಬಟ್ಟೆಯಿಲ್ಲದೆ ಓಡುವ ಹೊಲಿಗೆ ಯಂತ್ರ. ಬ್ಯಾಂಕಿನ ಗುಮಾಸ್ತರ ಷರ್ಟಿಗೆ ಎರಡೂ ಎಡಗೈಯ ತೋಳನ್ನೇ ಜೋಡಿಸಿ, ಕೇಳಿದ್ದಕ್ಕೆ ಅವರ ಮೇಲೆಯೇ ಹರಿಹಾಯ್ದ. ಇದೆಲ್ಲ ಹೆಂಡತಿಯ ಚಿಂತೆ ಎಂದೇ ಅವನ ನಂಬಿಕೆ. ಕೊನೆಗೆ ತಡೆಯಲಾರದೆ ಅವಳನ್ನು ಡಾಕ್ಟರಮ್ಮನ ಬಳಿಗೆ ಎಳೆದುಕೊಂಡು ಹೋಗಿ, ಡಬ್ಬಿ ತೋರಿಸಿ, ಇಬ್ಬರೂ ನುಂಗುವ ಮಾತ್ರೆಗಳ ಲೆಕ್ಕ ಒಪ್ಪಿಸಿದ.

ಡಾಕ್ಟರಮ್ಮ ಅವಳ ಕುತ್ತಿಗೆ ಒತ್ತಿ ನೋಡಿ, ಗ್ರಂಥಿ ಚೆನ್ನಾಗಿದೆ, ಮೈ ಸ್ವಲ್ಪ ತುಂಬಿಕೊಂಡಿದೆ ಅಷ್ಟೆ ಎಂದರು. ಸುಸ್ತಿಗೆ ಕಾರಣ ಕೇಳಿದಾಗ, ಮನೆಗೆಲಸ ಮುಗಿಸಿ ಇವರ ಅಂಗಡಿಯ ಕಾಜಾ, ಗುಂಡಿ, ಅಂಚುಹೊಲಿಗೆಯನ್ನೆಲ್ಲ ತಾನೇ ಮಾಡುವುದಾಗಿ ಅವಳು ಹೇಳಿದಳು. ಮೇಜಿನ ಕೆಳಗೆ ದರ್ಜಿಯ ಮೊಣಕಾಲು ಕುಣಿಯುತ್ತಲೇ ಇತ್ತು. ಡಾಕ್ಟರಮ್ಮ ಅವನ ಕೊರಳಲ್ಲಿ ಸದಾ ನೇತಾಡುವ ಅಳತೆಪಟ್ಟಿ ತೆಗೆಸಿ, ಕೈಗೆ ಒಂದು ಲೋಟ ನೀರು ಕೊಟ್ಟರು. ಉಪ್ಪು ತಿಂದವನು ನೀರು ಕುಡಿಯಲೇಬೇಕಲ್ಲ, ಕುಡಿದ. ಗುಟುಕು ಇಳಿದಂತೆ ಕುತ್ತಿಗೆಯಲ್ಲೊಂದು ಗಂಟು ಮೇಲೆದ್ದು ಕೆಳಗಿಳಿಯಿತು.

"ಗಂಟು ಇರೋದು ನಿಮಗೆ," ಎಂದರು ಡಾಕ್ಟರಮ್ಮ. "ಬಹಳ ವರ್ಷದ್ದು. ಅದರ ಮೇಲೆ ಇಷ್ಟೊಂದು ಅಯೋಡಿನ್ ಸುರಿದಿದ್ದೀರಿ, ಗ್ರಂಥಿ ಹುಚ್ಚು ಕುದುರೆ ಹಾಗೆ ಓಡ್ತಿದೆ. ಅಡುಗೆಗೆ ಹಾಕೋ ಉಪ್ಪಿನಲ್ಲಿರೋದೇ ಸಾಕಾಗಿತ್ತು."

ಅವನು ಅನುಮಾನದಿಂದ ಹೆಂಡತಿಯತ್ತ ತಿರುಗಿದ. "ಮತ್ತೆ ನಿನಗೆ ಯಾಕೆ ಏನೂ ಆಗಲಿಲ್ಲ?"

"ನಾನು ನುಂಗಿದ್ರೆ ತಾನೇ ಆಗೋದು," ಎಂದಳು. ನಕ್ಕಳಾದರೂ, ಅವನ ನಡುಗುವ ಕೈಯನ್ನು ಮನೆ ಮುಟ್ಟುವವರೆಗೂ ಬಿಡಲಿಲ್ಲ.

ರಕ್ತಪರೀಕ್ಷೆಯಾಯಿತು, ಔಷಧಿ ಶುರುವಾಯಿತು. ನಡುಕ ನಿಲ್ಲುವವರೆಗೆ ಕತ್ತರಿ ಮುಟ್ಟಕೂಡದೆಂಬ ಅಪ್ಪಣೆಯೂ ಆಯಿತು. ಅಂಗಡಿಯಲ್ಲಿ ಹೆಂಡತಿ ಕೂತಳು. ಒಳಗಿನ ಕೋಣೆಯಲ್ಲಿ ಮಲಗಿದ ದರ್ಜಿಗೆ, ತಾನಿಲ್ಲದೆ ಗಿರಾಕಿಗಳು ಕಂಗಾಲಾಗಿರುತ್ತಾರೆಂಬ ಚಡಪಡಿಕೆ. ಒಂದು ಬೆಳಿಗ್ಗೆ ಬ್ಯಾಂಕಿನ ಗುಮಾಸ್ತರ ದನಿ ಕೇಳಿ ಕಿವಿ ನಿಮಿರಿಸಿದ. ಅವರು ಅವಳು ಹೊಲಿದ ಹೊಸ ಷರ್ಟು ತೊಟ್ಟು ನೋಡುತ್ತಿದ್ದರು.

"ಹೇಗಿದ್ದಾರಮ್ಮ ನಿಮ್ಮ ಯಜಮಾನ್ರು?"

"ಗುಣ ಆಗ್ತಿದೆ. ಇನ್ನೊಂದು ವಾರಕ್ಕೆ ಕೆಲಸಕ್ಕೆ ಕೂರಬಹುದು."

ಗುಮಾಸ್ತರು ಎರಡೂ ತೋಳು ಚಾಚಿ ಮತ್ತೊಮ್ಮೆ ನೋಡಿಕೊಂಡರು. ಆಮೇಲೆ ಬಹಳ ಕಳಕಳಿಯಿಂದ, "ಅವಸರ ಏನಿದೆ, ಪಾಪ," ಎಂದರು. "ಚೆನ್ನಾಗಿ ಮಲಗಿಕೊಳ್ಳಲಿ ಬಿಡಿ."